ಬಲಗಡೆಯ ಕಡೇ ಸಾಲು

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ರೇಣುಕಾ ಹೊಲದಿಂದ ಬಂದವಳೇ ಒದ್ದೆ ಧೋತರವನ್ನು ಹಿತ್ತಾಳೆ ಬೋಗುಣಿಯ ಮೇಲೆ ಹಿಡಿದು ಹಿಂಡಿದಳು. ಕಡ್ಲಿ ಹುಳಿಯ ವಾಸನೆ ಪಡಸಾಲೆಗೆಲ್ಲ ಹರಡಿತು. ನಮ್ಮ ಕಡೆಯವರಲ್ಲದವರಿಗೆ ಹೇಳಬೇಕು: ಕಡ್ಲಿ ಗಿಡ ಕಾಯಿ ಕಟ್ಟುವ ಕಾಲಕ್ಕೆ ಅದರ ಎಲೆಯಿಂದ ಹುಳಿ ಜಿನುಗುತ್ತದೆ. ನಸುಕಿನಲ್ಲಿ ತೆಳ್ಳನೆಯ ಬಟ್ಟೆಯನ್ನು ಗಿಡಗಳ ಮೇಲೆ ಹಾಸಿ ಎಳೆದರೆ ಇಬ್ಬನಿಯ ಜೊತೆ ಅದೂ ಬರುತ್ತದೆ. ಹಿಂಡಿ ಸೀಸೆಯಲ್ಲಿಟ್ಟುಕೊಂಡರೆ ಮನೆಯವರ ಹೊಟ್ಟೆನೋವಿಗೆಲ್ಲ ವರ್ಷಪೂರ್ತಿ ಅದೇ ಔಷಧ. ಧೋತರ ಮಾತ್ರ ನಾಲ್ಕು ದಿನಕ್ಕೆ ಜರಡಿಯಾಗುತ್ತದೆ. ಹುಳಿಗೂ ವಾಸನೆ ಇರುತ್ತದೆಯೇ ಎಂದು ಕೇಳಬೇಡಿ. ಇರುತ್ತದೆ, ಮೂಗಿನ ಒಳಗೆ ಹೋಗಿ ಕುಳಿತುಕೊಳ್ಳುತ್ತದೆ. ನನಗಂತೂ ಆ ವಾಸನೆ ಬಂದರೆ ಒಂದೇ ಒಂದು ಸುಗ್ಗಿ ನೆನಪಾಗುತ್ತದೆ, ಯುದ್ಧ ಮುಗಿಸಿ ರಜೆಗೆ ಬಂದ ವರ್ಷದ ಸುಗ್ಗಿ.

ಆ ವರ್ಷ ನಾನು ನಮ್ಮೂರು ಶಲವಡಿಗೆ ಬಂದಾಗ ಎಳ್ಳಮಾಸಿ ಹಬ್ಬ ಮುಗಿದಿತ್ತು. ಎರಡು ತಿಂಗಳ ರಜೆ. ನೌಕರಿಗೆ ಹದಿನೇಳು ವರ್ಷ ತುಂಬಿತ್ತು. ತೋಪಿನ ದಳದಲ್ಲಿ ಗುಂಡು ತುಂಬುವುದು ನನ್ನ ಕೆಲಸ. ಹೊರಡುವ ದಿನ ನಮ್ಮ ಮೇಜರ್ ಸಾಹೇಬರು ಒಂದು ಅರ್ಜಿ ಕೈಗಿಟ್ಟಿದ್ದರು. ಇನ್ನೆರಡು ವರ್ಷ ಪಲ್ಟಣಿನಲ್ಲೇ ಇರುತ್ತೀಯೋ, ಇಲ್ಲಾ ಊರಿಗೆ ಹೋಗುತ್ತೀಯೋ, ವಿಚಾರ ಮಾಡಿ ಸಹಿ ಹಾಕಿಕೊಂಡು ಬಾ ಎಂದಿದ್ದರು. ಇದ್ದರೆ ತೋಪಿನ ಹತ್ತಿರ ಅಲ್ಲ, ಸ್ಟೋರಿನಲ್ಲಿ. ಯಾಕೆಂದರೆ ನನ್ನ ಬಲಗಿವಿ ಪೂರ್ತಿ ಹೋಗಿತ್ತು. ಅದರೊಳಗೆ ಒಂದು ಸಿಳ್ಳು ಮಾತ್ರ ಉಳಿದಿತ್ತು. ಅದು ಹಗಲೂ ರಾತ್ರಿ ಊದುತ್ತಲೇ ಇರುತ್ತಿತ್ತು. ಗದ್ದಲದಲ್ಲಿ ಹವಾಲ್ದಾರರ ಹುಕುಂ ಕೇಳಿಸಲಿ ಎಂದು ತೋಪಿನ ಸದ್ದು ತಡೆಯಲು ಆ ಕಿವಿಗೆ ತುರುಕಿದ್ದ ಬೆಂಡನ್ನು ನಾನೇ ತೆಗೆದಿದ್ದೆ. ಹೀಗಾಗಿ ಯಾರನ್ನೂ ಬೈಯುವ ಹಾಗಿರಲಿಲ್ಲ. ಈ ಸಂಗತಿ ಊರಲ್ಲಿ ರೇಣುಕಾ ಒಬ್ಬಳಿಗೇ ಗೊತ್ತಿತ್ತು.

ಅಣ್ಣಿಗೇರಿ ಸ್ಟೇಷನ್ನಿನಲ್ಲಿ ಇಳಿದರೆ ಬ್ಯಾಂಡಿನವರು, ಮಾಲೆ, ತೆರೆದ ಜೀಪು. ಊರ ಶಾಲೆಯಲ್ಲಿ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಹೆಡ್‌ಮಾಸ್ತರರು ಮುಕ್ಕಾಲು ತಾಸು ಮಾತಾಡಿದರು. ಅವರು ನನ್ನ ಬಲಕ್ಕೆ ನಿಂತಿದ್ದರಿಂದ ಏನೆಂದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಂದಿ ಚಪ್ಪಾಳೆ ಹೊಡೆದಾಗಲೆಲ್ಲ ಕೈ ಮುಗಿದೆ. ಖುಷಿಯಾಗಲಿಲ್ಲ ಎಂದರೆ ಸುಳ್ಳು. ಒಂದು ಕಾಲಕ್ಕೆ ಅದೇ ಶಾಲೆಯ ಕಟ್ಟೆಯ ಮೇಲೆ ಬಗ್ಗಿ ನಿಂತು ಛಡಿ ಏಟು ತಿಂದವ ನಾನು.

ಆಮೇಲೆ ಪ್ರಶ್ನೆಗಳು ಶುರುವಾದವು. ಎಲ್ಲರ ಮೊದಲನೆಯ ಪ್ರಶ್ನೆ ಒಂದೇ.

"ಎಷ್ಟ್ ಮಂದೀನ ಹೊಡದ್ರಿ ಸಾಹೇಬ್ರ?"

ತೋಪಿನವನಿಗೆ ಅದು ಗೊತ್ತಾಗುವುದಿಲ್ಲ. ಶಲವಡಿಯಲ್ಲಿ ನಿಂತು ಅಣ್ಣಿಗೇರಿಯ ಆಚೆ ಹೊಡೆದ ಹಾಗೆ ಅದು. ಅಲ್ಲಾದರೆ ನಡುವೆ ಎರಡು ಗುಡ್ಡ ಬೇರೆ. ಯಾವನೋ ಮುಂದೆ ಕುಳಿತು ನೋಡಿ ವಾಯರ್‌ಲೆಸ್ಸಿನಲ್ಲಿ ಅಂಕಿ ಹೇಳುತ್ತಾನೆ, ಇನ್ನೊಬ್ಬ ತೋಪಿನ ಮೂತಿ ತಿರುಗಿಸುತ್ತಾನೆ, ನಾನು ಗುಂಡು ತುಂಬುತ್ತೇನೆ. ಒಂದೊಂದು ಗುಂಡೂ ಹೆಚ್ಚುಕಮ್ಮಿ ಯೂರಿಯಾ ಚೀಲದ ತೂಕ. ದಿನಕ್ಕೆ ಎಷ್ಟು ಚೀಲ ಎತ್ತಿದೆ ಎಂದು ರಟ್ಟೆಗೆ ಗೊತ್ತು, ಅವು ಎಲ್ಲಿ ಬಿದ್ದವು ಎಂದು ಕಣ್ಣಿಗೆ ಗೊತ್ತಿಲ್ಲ. ಅಲ್ಲಿ ಯಾರಿದ್ದರು, ಬಂಡೆ ಇತ್ತೋ, ಯಾರದಾದರೂ ಹೊಲ ಇತ್ತೋ ಎನ್ನುವ ಕುತೂಹಲ ನನಗೂ ಇತ್ತು. ಈಗಲೂ ಇದೆ. ಆದರೆ ಕೇಳಿದವರಿಗೆ ಹೀಗೆ ಹೇಳಿದರೆ ಮುಖ ಸಪ್ಪಗಾಗುತ್ತಿತ್ತು. ಗಂಗವ್ವ ಎನ್ನುವ ನಮ್ಮ ಓಣಿಯ ಮುದುಕಿಯದು ಬೇರೆ ಪ್ರಶ್ನೆ. "ಅಷ್ಟ್ ಥಂಡ್ಯಾಗ ಹೊರಕಡೀಗೆ ಹೆಂಗ್ ಹೋಗ್ತಿದ್ರಿ?" ಎಂದು ಕೇಳಿದಳು. ಅದಕ್ಕೆ ನನ್ನ ಹತ್ತಿರ ಚೆನ್ನಾದ ಉತ್ತರ ಇತ್ತು, ಓಣಿಯೆಲ್ಲ ನಕ್ಕಿತು.

ಅವ್ವ ಮಾತ್ರ ಮೂರನೆಯ ದಿನ ರೊಟ್ಟಿ ತಟ್ಟುತ್ತ ಕೇಳಿದಳು. "ಅಲ್ಲಿ ಮಣ್ಣು ಎಂಥಾದ್ದಪಾ?"

ನನ್ನ ಹದಿನೇಳು ವರ್ಷದಲ್ಲಿ ಯಾವ ಅಧಿಕಾರಿಯೂ ಕೇಳದ ಪ್ರಶ್ನೆ ಅದು. ತೋಪು ನಿಲ್ಲಿಸಲು ಆಳೆತ್ತರದ ಗುಂಡಿ ತೋಡಿದವ ನಾನು, ನನಗಲ್ಲದೆ ಯಾರಿಗೆ ಗೊತ್ತಿರಬೇಕು? ಮೇಲೆ ಒಂದು ಗೇಣು ಕಂದು ಮಣ್ಣು, ಕೆಳಗೆ ಬರೀ ಗರಸು ಕಲ್ಲು, ನೀರು ಹಾಕಿದರೆ ನಿಲ್ಲುವುದಿಲ್ಲ ಎಂದು ಹೇಳಿದೆ.

"ಜ್ವಾಳ ಬರಾಂಗಿಲ್ಲ ಹಂಗಾರ," ಎಂದಳು ಅವ್ವ. "ಬರಲಾರದ ಮಣ್ಣಿಗೆ ಯಾಕ ಬಡದಾಡ್ತಾರ?"

ನಾನು ರೊಟ್ಟಿ ತಿಂದೆ.

ಜನವರಿ ಮುಗಿಯುವಾಗ ಕಡ್ಲಿ ಕೀಳುವ ದಿನಗಳು ಬಂದವು. ಈಗೀಗ ಯಂತ್ರ ಬರುತ್ತವೆ, ಆದರೆ ನಮ್ಮಂಥ ಎರಡು, ಮೂರು ಎಕರೆಯವರು ಇನ್ನೂ ಮುಯ್ಯಿ ಮೇಲೆಯೇ ಕೀಳುತ್ತೇವೆ. ಇವತ್ತು ನೀವೆಲ್ಲ ನನ್ನ ಹೊಲಕ್ಕೆ, ನಾಳೆ ನಾವು ನಿಮ್ಮ ಹೊಲಕ್ಕೆ. ಗಿಡ ಇಬ್ಬನಿಯಲ್ಲಿ ಮೆತ್ತಗಿದ್ದಾಗಲೇ ಕೀಳಬೇಕು, ಬಿಸಿಲೇರಿದರೆ ಕಾಯಿ ಉದುರುತ್ತದೆ. ಹೀಗಾಗಿ ಬೆಳಕು ಹರಿಯುವ ಮೊದಲೇ ಎಲ್ಲರೂ ಸಾಲು ಹಿಡಿದು ನಿಂತಿರುತ್ತಾರೆ. ಹುಳಿಗೆ ಕೈ ಉರಿಯುತ್ತದೆ, ಹರಟೆಗೆ ಬಾಯಿ ಉರಿಯುತ್ತದೆ. ಸೈನ್ಯದಲ್ಲಿ ಇದ್ದಷ್ಟು ವರ್ಷವೂ ನನಗೆ ನೆನಪಾಗುತ್ತಿದ್ದದ್ದು ಊರಿನ ಗುಡಿಯಲ್ಲ, ಗೆಳೆಯರ ಮುಖವೂ ಅಲ್ಲ, ಈ ಸಾಲು.

ಮೊದಲು ನಮ್ಮ ಹೊಲವನ್ನೇ ಹಿಡಿದರು. ನಾನು ಮುಖ ತೊಳೆದು ಹೋಗುವಷ್ಟರಲ್ಲಿ ಮೂವತ್ತು ಮಂದಿ ಅರ್ಧ ಹೊಲ ಮುಗಿಸಿದ್ದರು. ಬೇಕಾದಷ್ಟೇ ಅಲ್ಲ, ಬೇಕಾದದ್ದಕ್ಕಿಂತ ಎರಡು ಪಟ್ಟು ಮಂದಿ. ಅಂಗಿಯ ತೋಳು ಮಡಚಿ ಒಂದು ಸಾಲಿಗೆ ಬಗ್ಗಿದೆ. ಇಬ್ಬರು ಬಂದು ರಟ್ಟೆ ಹಿಡಿದು ಎಬ್ಬಿಸಿದರು.

"ನೀವ್ಯಾಕ್ರಿ ಸಾಹೇಬ್ರ? ದೇಶಕ್ಕ ದುಡದ್ ಬಂದೀರಿ. ಸುಮ್ನ ಕೂಡ್ರಿ."

ಯಾರೋ ಶಾಲೆಯಿಂದ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದಿದ್ದರು. ಬದುವಿನ ಮೇಲೆ ಬೇವಿನ ಗಿಡದ ಬುಡಕ್ಕೆ ಅದನ್ನು ಹಾಕಿ ನನ್ನನ್ನು ಕೂರಿಸಿದರು. ಮೊದಲ ಚಹಾ ನನಗೆ. ಮೂವತ್ತು ಬೆನ್ನು ಬಗ್ಗಿದ್ದವು, ನಾನೊಬ್ಬ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಲೋ ಬೇಡವೋ ಎಂದು ವಿಚಾರ ಮಾಡುತ್ತ ಕುಳಿತಿದ್ದೆ. ಜಗತ್ತಿನಲ್ಲಿ ಕಡ್ಲಿ ಹೊಲದಲ್ಲಿ ಕುರ್ಚಿ ಹಾಕಿಸಿಕೊಂಡ ಮೊದಲ ಮನುಷ್ಯ ನಾನೇ ಇರಬೇಕು. ಮುಂದಿನ ದಿನಗಳಲ್ಲಿ ಬೇರೆಯವರ ಹೊಲ ಶುರುವಾದವು. ನನ್ನನ್ನು ಯಾರೂ ಕರೆಯಲಿಲ್ಲ. ಕರೆಯದೆ ಹೋದರೆ ಕುರ್ಚಿ ಬರುತ್ತಿತ್ತು.

ಅವ್ವ ಒಂದು ಸಂಜೆ ಸಿಟ್ಟಿಗೆದ್ದಳು. "ಮುಯ್ಯಿ ತೀರಸಾಕ ಬಿಡವಲ್ರು ಅಂದ್ರ ನಮ್ಮನ್ನ ಊರ ಮಂದ್ಯಾಗಿಂದ ತಗದಾರ ಅಂತ ಅರ್ಥ. ನಾ ಸತ್ತ ದಿನಾ ಹೆಗಲು ಕೊಡಾಕರ ಬರ್ತಾರೋ, ಕುರ್ಚಿ ಕಳಸ್ತಾರೋ?"

ಅವ್ವ ಒಳಗೆ ಹೋದ ಮೇಲೆ ರೇಣುಕಾ ನನ್ನ ಎಡಕ್ಕೆ ಬಂದು ಕುಳಿತಳು. ಅವಳು ಆಗಲೇ ಎಡಕ್ಕೆ ಕೂರುವುದನ್ನು ರೂಢಿ ಮಾಡಿಕೊಂಡಿದ್ದಳು.

"ಮಂದಿ ಇನ್ನೊಂದ್ ಮಾತು ಆಡಾಕತ್ತಾರ. ಕರದ್ರ ಓ ಅನ್ನೂದಿಲ್ಲ, ದೊಡ್ಡಾಂವ ಆಗ್ಯಾನ ಅಂತ. ಕಿವಿ ಸುದ್ದಿ ಹೇಳಿಬಿಡ್ರಲಾ."

ಹೇಳಲು ಬಾಯಿ ಬರಲಿಲ್ಲ. ಯಾಕೆ ಎಂದು ನನ್ನನ್ನೇ ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಊರು ಒಬ್ಬ ಹುಲಿಯನ್ನು ಜೀಪಿನಲ್ಲಿ ಕರೆತಂದಿತ್ತು. ಬೆಂಡು ಕಿತ್ತು ಕಿವಿ ಕಳೆದುಕೊಂಡ ದಡ್ಡ ನಾನು ಎಂದು ಆ ಹುಲಿಯ ಬಾಯಿಂದಲೇ ಹೇಳಿಸುವುದು ಸಣ್ಣ ಮಾತಲ್ಲ. ನಾಚಿಕೆ, ಅಷ್ಟೇ. ಅದಕ್ಕೆ ದೊಡ್ಡ ಹೆಸರು ಬೇಡ.

ಮೇಜರ್ ಸಾಹೇಬರ ಅರ್ಜಿಯನ್ನು ಟ್ರಂಕಿನಿಂದ ತೆಗೆದು ದಿನವೂ ನೋಡತೊಡಗಿದೆ. ಪಲ್ಟಣಿನಲ್ಲಿ ಕಡೆಗೆ ಸ್ಟೋರಿನಲ್ಲಾದರೂ ನನಗೊಂದು ಜಾಗ ಇತ್ತು. ಇಲ್ಲಿ ಏನಿದೆ? ಕುರ್ಚಿ. ಮನಸ್ಸು ಸಹಿಯ ಕಡೆಗೇ ವಾಲಿತ್ತು.

ಇನ್ನು ಫಕ್ಕೀರಪ್ಪನ ವಿಷಯ ಹೇಳಬೇಕು. ಒಂದೇ ಬೆಂಚಿನಲ್ಲಿ ಕಲಿತವರು ನಾವು. ಸೈನ್ಯದ ಭರ್ತಿಗೂ ಜೊತೆಯಲ್ಲೇ ಹೋಗಿದ್ದೆವು. ಓಟದಲ್ಲಿ ನನಗೆ ಕಡೆಯ ಸುತ್ತಿಗೆ ದಮ್ಮು ಹತ್ತಿದಾಗ, ಎಲ್ಲರಿಗಿಂತ ಮುಂದಿದ್ದ ಅವನು ಹಿಂದೆ ಸರಿದು ನನ್ನ ಬಾಜು ಓಡಿದ. "ಹೂಂ ನಡಿಲೇ ಶಿವ್ಯಾ, ಹೂಂ ನಡಿ," ಎನ್ನುತ್ತ ಗೆರೆ ದಾಟಿಸಿದ. ಮರುದಿನ ಕಣ್ಣಿನ ಪರೀಕ್ಷೆಯಲ್ಲಿ ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿದರು. ಚುಕ್ಕಿಗಳ ನಡುವೆ ಅಂಕಿ ಇದೆ ಎಂದರು. ಫಕ್ಕೀರಪ್ಪನಿಗೆ ಯಾವ ಅಂಕಿಯೂ ಕಾಣಲಿಲ್ಲ. ಕೆಂಪು ಹಸಿರು ಅವನಿಗೆ ಒಂದೇ ಎಂದು ಆವತ್ತೇ ಎಲ್ಲರಿಗೂ, ಅವನಿಗೂ ಗೊತ್ತಾದದ್ದು. ನಾನು ರೈಲು ಹತ್ತಿದೆ, ಅವನು ಬಸ್ಸು ಹತ್ತಿ ಊರಿಗೆ ಬಂದ.

ಹಾಗಂತ ಒಕ್ಕಲುತನದಲ್ಲಿ ಅವನು ಹಿಂದೆ ಬೀಳಲಿಲ್ಲ. ಬಲಿತ ಕಡ್ಲಿ ಯಾವುದು, ಹಸಿ ಯಾವುದು ಎಂದು ನಾವು ಬಣ್ಣ ನೋಡಿ ಹೇಳುತ್ತೇವೆ. ಅವನು ಮಧ್ಯಾಹ್ನದ ಬಿಸಿಲಿನಲ್ಲಿ ಹೊಲಕ್ಕೆ ಹೋಗಿ ಒಂದು ಗಿಡ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಕಾಯಿಯೊಳಗೆ ಕಾಳು ಗಿಲಿಗಿಲಿ ಎಂದರೆ ಬಲಿತಿದೆ. ಊರವರು ತಮ್ಮ ಕಣ್ಣಿಗಿಂತ ಅವನ ಕಿವಿಯನ್ನು ನಂಬುತ್ತಾರೆ.

ಅಂಥವನು ಆ ಸಲ ನನ್ನನ್ನು ಏನೊಂದೂ ಕೇಳಲಿಲ್ಲ. ಊರೆಲ್ಲ ಯುದ್ಧದ ಬಗ್ಗೆ ಕೇಳಿತು, ಅವನು ಕೇಳಲಿಲ್ಲ. ಎದುರು ಸಿಕ್ಕರೆ "ಆರಾಮ್ರಿ ಸಾಹೇಬ್ರ?" ಎಂದು ಮುಂದೆ ಹೋಗುತ್ತಿದ್ದ. ಆ ಬಹುವಚನ ನನ್ನನ್ನು ಹುಳಿಗಿಂತ ಹೆಚ್ಚು ಉರಿಸುತ್ತಿತ್ತು. ಯಾಕೆ ಹೀಗೆ? ಹೊಟ್ಟೆಕಿಚ್ಚೇ? ಫಕ್ಕೀರಪ್ಪನಿಗೆ ಹೊಟ್ಟೆಕಿಚ್ಚು ಎಂದರೆ ನಾನು ನಂಬುವವನಲ್ಲ. ರಜೆ ಮುಗಿಯಲು ಹತ್ತು ದಿನ ಉಳಿದಿರುವಾಗ ಅವನ ಹೊಲದ ಸರದಿ ಬಂತು. ಕರೆಯದಿದ್ದರೂ ಹೋಗುವುದು, ಕುರ್ಚಿ ತಂದರೆ ಅರ್ಜಿಗೆ ಸಹಿ ಹಾಕುವುದು ಎಂದು ನಿಶ್ಚಯಿಸಿದೆ.

ನಾನು ಹೋದಾಗ ಇನ್ನೂ ಮಬ್ಬು. ಫಕ್ಕೀರಪ್ಪ ಆ ತುದಿಯಲ್ಲಿ ನಿಂತು ಮಂದಿಗೆ ಏನೋ ಹೇಳುತ್ತಿದ್ದ. ನಾನು ಯಾರ ಕಣ್ಣಿಗೂ ಬೀಳದ ಹಾಗೆ ಎಲ್ಲರಿಗಿಂತ ಎಡಗಡೆಯ ಸಾಲು ಹಿಡಿದೆ. ಎಂದರೆ ಇಡೀ ಮಂದಿ ನನ್ನ ಬಲಕ್ಕೆ, ಹೋದ ಕಿವಿಯ ಕಡೆಗೆ. ಆ ಕಡೆಯಿಂದ ನನಗೆ ಬಂದದ್ದು ಸಿಳ್ಳು ಒಂದೇ. ಫಕ್ಕೀರಪ್ಪ ಬಂಡಿ ತರಲು ಹೋದ. ನಾವು ಬಗ್ಗಿದೆವು.

ಎಷ್ಟೋ ವರ್ಷದ ಮೇಲೆ ಗಿಡದ ಬುಡ ಕೈಗೆ ಸಿಕ್ಕಿತ್ತು. ಎರೆ ಮಣ್ಣು ಸಡಿಲಾಗಿ ಬೇರು ಬಿಟ್ಟುಕೊಡುವಾಗ ಅಂಗೈಗೆ ಒಂದು ಸಣ್ಣ ಜಗ್ಗು ಬರುತ್ತದಲ್ಲ, ಅದು ಬಂತು. ಕೈ ಹುಳಿಗೆ ಉರಿಯಿತು, ನನಗೆ ಅಗದಿ ಸಂತೋಷವಾಯಿತು. ತಲೆ ಎತ್ತದೆ ಕಿತ್ತೆ. ಯಾರೂ ನನ್ನನ್ನು ತಡೆಯಲಿಲ್ಲ, ಕುರ್ಚಿ ತರಲಿಲ್ಲ. ಎರಡು ಸಲ ತಲೆ ಎತ್ತಿದಾಗ ಗಂಗವ್ವ ಮತ್ತು ಉಳಿದವರು ಸೊಂಟ ನೆಟ್ಟಗೆ ಮಾಡಿ ನನ್ನನ್ನೇ ನೋಡುತ್ತಿದ್ದರು. ನನ್ನ ಜೋರು ನೋಡಿ ಬೆರಗಾಗಿದ್ದಾರೆ ಎಂದುಕೊಂಡು ಇನ್ನಷ್ಟು ಜೋರು ಮಾಡಿದೆ. ನನ್ನ ಸಾಲು ಮುಗಿಸಿ ಅದರ ಎಡಕ್ಕೆ ಯಾರೂ ಹಿಡಿಯದೆ ಉಳಿದಿದ್ದ ಪಟ್ಟಿಗೂ ಕೈ ಹಾಕಿದೆ. ಅದರ ಐದು ಸಾಲನ್ನೂ ಮುಗಿಸಿದೆ.

ಹೊತ್ತು ಏರಿದ ಮೇಲೆ ಫಕ್ಕೀರಪ್ಪ ಬಂಡಿ ಹೊಡೆದುಕೊಂಡು ಬಂದ. ಹಗ್ಗ ಬಿಟ್ಟು ಕೆಳಗೆ ಹಾರಿದ. ನನ್ನ ಎದುರಿಗೇ ಬಂದು ನಿಂತ.

"ಲೇ ಶಿವ್ಯಾ, ಏನ್ ಮಾಡೀಲೇ ಇದು? ಬೀಜದ ಕಡ್ಲಿ ಎಲ್ಲಾ ಕಿತ್ತ್ ಒಗದಿ ಅಲ್ಲಲೇ. ಎಡದ ಐದ್ ಸಾಲು ಮುಟ್ಟಬ್ಯಾಡ್ರಿ, ಇನ್ನೂ ನಾಕ್ ದಿನಾ ಒಣಗಬೇಕು ಅಂತ ಮುಂಜಾನಿ ಬಡಕೊಂಡಿದ್ದು ಯಾರ ಮುಂದ? ಈ ಎತ್ತಿನ ಮುಂದ?"

ನಾನು ಕೈಯಲ್ಲಿ ಗಿಡ ಹಿಡಿದುಕೊಂಡೇ ನಿಂತೆ. ಅವನು ಮಂದಿಯ ಕಡೆ ತಿರುಗಿದ.

"ನೀವೆಲ್ಲಾ ಏನ್ ನೋಡಕೋತ ನಿಂತಿದ್ರಿ?"

ಗಂಗವ್ವ ಸೆರಗು ಸರಿಮಾಡಿಕೊಂಡಳು. "ಸಾಹೇಬ್ರಿಗೆ ಹೆಂಗ್ ಬ್ಯಾಡ ಅನ್ನೂದಪಾ? ಮಿಲಿಟ್ರಿ ಮಂದಿ, ಏನರ ವಿಚಾರ ಮಾಡೇ ಕೀಳಾಕತ್ತಿರಬೇಕು ಅಂತ ಸುಮ್ನಾದ್ವಿ."

"ಯಾವ ಸಾಹೇಬಬೇ? ಇಂವಾ? ಸಾಲ್ಯಾಗ ಇವನ ಚಡ್ಡಿ ಹರದಾಗ ಪಿನ್ನು ಹಚ್ಚಿ ಮನೀಗೆ ಕಳಸಿದಾಂವ ನಾನು." ಮತ್ತೆ ನನ್ನ ಕಡೆ ತಿರುಗಿದ. "ಅಣ್ಣಿಗೇರಿ ಸ್ಟೇಷನ್‌ನ್ಯಾಗ ಕರದ್ರ ತಿರುಗಿ ನೋಡ್ಲಿಲ್ಲ, ಸಂತ್ಯಾಗ ಕರದ್ರ ತಿರುಗಿ ನೋಡ್ಲಿಲ್ಲ. ಆತು, ದೊಡ್ಡಾಂವ ಆಗ್ಯಾನ ಅಂತ ಬಿಟ್ಟೆ. ಈಗ ನನ್ನ ಹೊಲದಾಗ ನಿಂತೂ ನನ್ನ ಮಾತು ಕೇಳೂದಿಲ್ಲೇನು?"

"ಕೇಳಸ್ಲಿಲ್ಲಲೇ," ಎಂದೆ.

"ಯಾಕ ಕೇಳಸ್ಲಿಲ್ಲ?"

"ಬಲಗಿವಿ ಹೋಗೇತಿ."

ಎಷ್ಟು ಸಣ್ಣ ಮಾತು. ಒಂದೂವರೆ ತಿಂಗಳು ಅದನ್ನು ಗಂಟಲಲ್ಲಿ ಇಟ್ಟುಕೊಂಡು ತಿರುಗಿದ್ದೆ. ಸಾಲಿನಲ್ಲಿದ್ದವರೆಲ್ಲ ಕೆಲಸ ಬಿಟ್ಟು ನಿಂತರು. ಫಕ್ಕೀರಪ್ಪ ಮೊನ್ನೆ ತಾನೊಬ್ಬನೇ ಕಿತ್ತು ಒಣಗಲು ಬಿಟ್ಟಿದ್ದ ಗುಂಪಿಯಿಂದ ಒಂದು ಗಿಡ ಎತ್ತಿ ತಂದು ನನ್ನ ಬಲಗಿವಿಯ ಹತ್ತಿರ ಅಲ್ಲಾಡಿಸಿದ.

"ಇದು?"

"ಇಲ್ಲ."

ಎಡಗಡೆ ಬಂದು ಅಲ್ಲಾಡಿಸಿದ. "ಈಗ?"

"ಗಿಲಿಗಿಲಿ ಅಂತೈತಿ."

"ಹೂಂ," ಎಂದ. ಗಿಡವನ್ನು ಗುಂಪಿಯ ಮೇಲೆ ಒಗೆದು ಬಂಡಿಯ ಕಡೆ ನಡೆದ. ಹೋಗುತ್ತ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡದ್ದು ನನಗೆ ಕಂಡಿತು.

ಊಟಕ್ಕೆ ಬದುವಿನ ಮೇಲೆ ಕುಳಿತೆವು. ಕಟಕ ರೊಟ್ಟಿ, ಕಡ್ಲಿ ಪಲ್ಯ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಯಾರೋ ಅಭ್ಯಾಸಬಲದಿಂದ ಕುರ್ಚಿ ತಂದಿದ್ದರು. ಫಕ್ಕೀರಪ್ಪ ಅದರ ಮೇಲೆ ನೀರಿನ ಕೊಡ ಇಟ್ಟು ನನ್ನ ಎಡಕ್ಕೆ ಬಂದು ನೆಲದ ಮೇಲೆ ಕುಳಿತ. ರೊಟ್ಟಿ ಮುರಿಯುತ್ತ, ನನ್ನ ಕಡೆ ನೋಡದೆ, ಕಡೆಗೂ ಕೇಳಿದ.

"ಅಂಜಿಕಿ ಬಂದಿತ್ತೇನಲೇ?"

ಯಾರೂ ಕೇಳಿರಲಿಲ್ಲ ಇದನ್ನು. ಹೆಡ್‌ಮಾಸ್ತರರ ಮುಕ್ಕಾಲು ತಾಸಿನಲ್ಲೂ ಇದು ಇದ್ದಿರಲಾರದು.

"ಬಂದಿತ್ತು. ಮೊದಲನೇ ದಿನಾ ಅವರ ಗುಂಡು ಹತ್ತರ ಬಿದ್ದಾಗ ಪ್ಯಾಂಟಿನ್ಯಾಗ ಉಚ್ಚಿ ಹೊಯ್ಕೊಂಡೆ. ಹಂಗ ನಿಂತು ಗುಂಡು ತುಂಬಿದೆ."

ಅವನು ನಗಲಿಲ್ಲ. "ಚಲೋ ಏನರ ಇತ್ತೇನು ಅಲ್ಲಿ?"

"ಇತ್ತು. ತೋಪಿಗೆ ನಾವು ಏಳ್ ಮಂದಿ. ನನ್ನ ಎಡಕ್ಕ ಬಿಜು ಅಂತ ಕೇರಳದ ಹುಡುಗ. ಅಂವಾ ಗುಂಡು ಕೊಡಾಂವ, ನಾ ತಗೊಳ್ಳಾಂವ. ನೋಡೂದ ಬ್ಯಾಡ, ಕೈ ಚಾಚಿದ್ರ ಅಂವಾ ಇರ್ತಿದ್ದ. ಅಷ್ಟ ಧೈರ್ಯಾ ನಂಗ ಬ್ಯಾರೆ ಯಾವುದರಾಗೂ ಸಿಕ್ಕಿಲ್ಲ ನೋಡು." ಸ್ವಲ್ಪ ನೀರು ಕುಡಿದೆ. "ಒಂದಿನ ಕೈ ಚಾಚಿದೆ, ಇರ್ಲಿಲ್ಲ. ಆಮ್ಯಾಲ ಆರ ಮಂದಿ ಹೊಡದ್ವಿ. ಸಂಜೀತನಾ ನನ್ನ ಕೈ ಎಡಕ್ಕ ಹೋಗತಿತ್ತು."

ಫಕ್ಕೀರಪ್ಪ ರೊಟ್ಟಿಯನ್ನು ತುಣುಕು ಮಾಡುತ್ತಲೇ ಇದ್ದ, ತಿನ್ನಲಿಲ್ಲ.

"ನಾ ಹೋಗಿದ್ರ ಏನ್ ಮಾಡತಿದ್ನೋ ಅಂತ ಹದಿನೇಳು ವರ್ಷಾ ವಿಚಾರ ಮಾಡೀನಿ," ಎಂದ. "ಅದಕ್ಕ ನಿನ್ನ ಏನೂ ಕೇಳಾಕ ಆಗ್ಲಿಲ್ಲ. ಬಾಯಿ ಬರ್ಲಿಲ್ಲ."

ಬಾಯಿ ಬಾರದವರು ಊರಲ್ಲಿ ಇಬ್ಬರಿದ್ದೆವು ಎಂದು ಆಗ ಗೊತ್ತಾಯಿತು. ಅವನು ಎದ್ದು ಕೈ ಜಾಡಿಸಿದ. ಊಟ ಮುಗಿಸಿದವರಿಗೆ ನಾಳಿನ ಹೊಲ ಯಾರದು ಎಂದು ಹೇಳಿದ. ಆಮೇಲೆ ನನ್ನ ಹೆಗಲು ಹಿಡಿದು ಹೊಲದ ಬಲತುದಿಗೆ ನಡೆಸಿಕೊಂಡು ಹೋಗಿ, ಕಡೇ ಸಾಲಿನ ಬುಡದಲ್ಲಿ ನಿಲ್ಲಿಸಿದ.

"ಇನ್ನ ಮ್ಯಾಲ ಯಾರ ಹೊಲ ಇದ್ರೂ ಇದು ನಿಂದು. ನಾವೆಲ್ಲಾ ನಿನ್ನ ಎಡಕ್ಕ ಇರ್ತೀವಿ. ಕೇಳಸ್ಲಿಲ್ಲ ಅಂದ್ರ ಒದೀತೀನಿ."

ನಾನು ಅಲ್ಲಿಯೇ ನಿಂತು ಅತ್ತೆ. ಮೂವತ್ತೈದು ದಾಟಿದ, ಎದೆಯ ಮೇಲೆ ಪದಕ ಹಚ್ಚಿಸಿಕೊಂಡ ಮನುಷ್ಯ, ಕಡ್ಲಿ ಹೊಲದಲ್ಲಿ ನಿಂತು ಗಂಗವ್ವನ ಎದುರಿಗೆ ಅತ್ತೆ. ಹುಳಿಗೈ ಕಣ್ಣಿಗೆ ಹತ್ತಿ ಉರಿ ಬೇರೆ. ರಜೆ ಮುಗಿಸಿ ಹೋದ ದಿನ ಅರ್ಜಿಯನ್ನು ಸಹಿ ಇಲ್ಲದೆ ಮೇಜರ್ ಸಾಹೇಬರ ಮೇಜಿನ ಮೇಲಿಟ್ಟೆ.

ಈಗ ಪದಕ ಟ್ರಂಕಿನಲ್ಲಿದೆ, ಸಿಳ್ಳು ಕಿವಿಯಲ್ಲಿದೆ. ಊರಲ್ಲಿ ನನ್ನನ್ನು ಸಾಹೇಬ ಎನ್ನುವವರು ಯಾರೂ ಉಳಿದಿಲ್ಲ. ಸ್ವಲ್ಪ ಹೊತ್ತಿಗೆ ಮುಂಚೆ, ರೇಣುಕಾ ಹುಳಿಯನ್ನು ಸೀಸೆಗೆ ಸೋಸುತ್ತಿದ್ದಾಗ ಫಕ್ಕೀರಪ್ಪನ ಫೋನು ಬಂತು. ಎಡಗಿವಿಗೆ ಹಿಡಿದೆ.

"ಲೇ ಕಿವುಡ್ಯಾ, ನಾಳಿ ನಮ್ಮ ಹೊಲಾ. ಲಗೂನ ಬಾ."

ಹೋದ ವರ್ಷ ಅವನ ಹೊಲದ ಸರದಿ ಬಂದಾಗ ನಾನು ಜ್ವರ ಬಂದು ಮಲಗಿದ್ದೆ, ಹೋಗಲು ಆಗಲಿಲ್ಲ. ಆ ದಿನ ಎಲ್ಲ ಸಾಲು ಮುಗಿದ ಮೇಲೂ ಬಲಗಡೆಯ ಕಡೇ ಸಾಲನ್ನು ಯಾರೂ ಮುಟ್ಟಲಿಲ್ಲವಂತೆ. ಮೂರು ದಿನ ಬಿಟ್ಟು ನಾನೇ ಹೋಗಿ ಕಿತ್ತು ಬಂದೆ.